ಟೆಸ್ಟ್ ಕ್ಯಾಪ್ ಇಲ್ಲದ 985 ವಿಕೆಟ್: ಲ್ಯಾಂಕಾಶೈರ್‌ನ ಗ್ಲೆನ್ ಚಾಪಲ್ ಬಗ್ಗೆ ಮಾತಾಡೋಣ

ಹೊಸಚೆಂಡು

315 ಪ್ರಥಮ ದರ್ಜೆ ಪಂದ್ಯ, 985 ವಿಕೆಟ್, ಆರು ಶತಕ. ಟೆಸ್ಟ್ ಸೊನ್ನೆ. ಅಂತರರಾಷ್ಟ್ರೀಯ ಏಕದಿನ ಪಂದ್ಯ ಒಂದೇ ಒಂದು, ಅದರಲ್ಲೂ ಬೌಲ್ ಮಾಡಿದ್ದು ನಾಲ್ಕೇ ಓವರ್.

ಲ್ಯಾಂಕಾಶೈರ್‌ನ ಬಲಗೈ ಮಧ್ಯಮ ವೇಗಿ ಗ್ಲೆನ್ ಚಾಪಲ್ ಅವರ ಲೆಕ್ಕ ಇದು. ಆಸ್ಟ್ರೇಲಿಯಾದ ಚಾಪೆಲ್ ಸಹೋದರರಿಗೂ ಇವರಿಗೂ ಏನೂ ಸಂಬಂಧ ಇಲ್ಲ. ಹುಟ್ಟಿದ್ದು 1974ರ ಜನವರಿಯಲ್ಲಿ, ಯಾರ್ಕ್‌ಶೈರ್‌ನ ಸ್ಕಿಪ್ಟನ್‌ನಲ್ಲಿ. ಆಡಿದ್ದು ಮಾತ್ರ ಯಾರ್ಕ್‌ಶೈರ್‌ನ ಬದ್ಧ ಎದುರಾಳಿ ಲ್ಯಾಂಕಾಶೈರ್‌ಗೆ. 1992ರಿಂದ 2015ರವರೆಗೆ ಅದೊಂದೇ ಕೌಂಟಿ, ಬೇರೆ ಅಂಗಿ ತೊಡಲಿಲ್ಲ. ಕೆಂಗೂದಲು, ಗಟ್ಟಿಮುಟ್ಟಾದ ಮೈಕಟ್ಟು, ಹೊಸ ಚೆಂಡಿನಲ್ಲಿ ಬ್ಯಾಟ್ಸ್‌ಮನ್‌ನಿಂದ ಆಚೆ ಸರಿಯುವ ಔಟ್‌ಸ್ವಿಂಗ್.

ನಮ್ಮಲ್ಲಿ ಕೌಂಟಿ ಕ್ರಿಕೆಟ್ ಅಂದರೆ ಭಾರತದ ಆಟಗಾರರು ಅಲ್ಲಿಗೆ ಹೋಗಿ ಏನು ಮಾಡಿದರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಅಲ್ಲೇ ಹುಟ್ಟಿ, ಏಪ್ರಿಲ್ ಚಳಿಯಿಂದ ಸೆಪ್ಟೆಂಬರ್ ಇಬ್ಬನಿಯವರೆಗೆ ವರ್ಷಗಟ್ಟಲೆ ಓಡಿ ಬಂದು ಚೆಂಡು ಹಾಕುವವರ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಚಾಪಲ್ ದೊಡ್ಡ ಬೌಲರ್. "ಪಾಪ, ಇಂಗ್ಲೆಂಡ್‌ಗೆ ಆಡಲಿಲ್ಲ" ಅನ್ನುವ ಕನಿಕರದ ಮಾತು ಅವರ ವೃತ್ತಿಜೀವನಕ್ಕೆ ಒಪ್ಪುವುದಿಲ್ಲ. ಒಂದು ಕೌಂಟಿಗೆ 77 ವರ್ಷಗಳಿಂದ ಒಂಟಿಯಾಗಿ ಸಿಗದಿದ್ದ ಕೌಂಟಿ ಚಾಂಪಿಯನ್‌ಶಿಪ್ ಪ್ರಶಸ್ತಿಯನ್ನು ನಾಯಕನಾಗಿ, 37ನೇ ವಯಸ್ಸಿನಲ್ಲಿ, ಮುಖ್ಯ ವೇಗಿಯಾಗಿ ತಂದುಕೊಟ್ಟವರು ಅವರು.

ಒಪ್ಪುವವರು, ಒಪ್ಪದವರು ಎಲ್ಲರೂ ಬನ್ನಿ.

ಅಂಕಿಲೆಕ್ಕ

ಒಪ್ಪದವನು ನಾನು. ಗೌರವ ಇದೆ, ಆದರೆ "ದೊಡ್ಡ ಬೌಲರ್" ಅನ್ನೋಕೆ ನನಗೆ ಇನ್ನೂ ಹೆಚ್ಚು ಬೇಕು.

ವಿಕೆಟ್‌ಗೆ 26ಕ್ಕಿಂತ ಮೇಲೆ ಸರಾಸರಿ. ಇಂಗ್ಲೆಂಡ್‌ನ ಪಿಚ್, ಅಲ್ಲಿ ಬಳಸುವ ಡ್ಯೂಕ್ಸ್ ಚೆಂಡು, ಮೋಡ ಕವಿದ ಆಕಾಶ, ಇಷ್ಟೆಲ್ಲ ಅನುಕೂಲ ಇದ್ದಾಗ ಇದು ಒಳ್ಳೆಯ ಸರಾಸರಿ, ಅಸಾಮಾನ್ಯ ಅಲ್ಲ. ಅದೇ ಕಾಲದಲ್ಲಿ ಸರ್ರೆಯ ಮಾರ್ಟಿನ್ ಬಿಕ್ನೆಲ್ 25ರ ಆಸುಪಾಸಿನಲ್ಲಿ 1061 ವಿಕೆಟ್ ತೆಗೆದರು, ಅವರಿಗೂ ಸಿಕ್ಕಿದ್ದು ನಾಲ್ಕೇ ಟೆಸ್ಟ್. ಆಂಡಿ ಕ್ಯಾಡಿಕ್, ಡ್ಯಾರೆನ್ ಗಫ್, ಆಂಗಸ್ ಫ್ರೇಸರ್, ಡೊಮಿನಿಕ್ ಕಾರ್ಕ್, ಡೀನ್ ಹೆಡ್ಲಿ ಇದ್ದ ಸಾಲಿನಲ್ಲಿ ಚಾಪಲ್ ಯಾರನ್ನು ಹೊರಗಿಟ್ಟು ಒಳಗೆ ಬರಬೇಕಿತ್ತು? ಹೆಸರು ಹೇಳಿ.

ಧಾರವಾಡ ಸೆಕೆಂಡ್ ಸ್ಲಿಪ್

ಹೊಸಚೆಂಡು ಸಾಹೇಬ್ರ, ಬರಾಬರಿ ವಿಷಯ ತಗದೀರಿ ನೋಡ್ರಿ. ಓದಕೋತ ಹೋದಂಗ ನನಗ ನಮ್ಮ ವಿನಯ್ ಕುಮಾರ್ ನೆನಪಾದ್ರು.

ದಾವಣಗೆರಿ ಹುಡುಗ, 504 ಪ್ರಥಮ ದರ್ಜೆ ವಿಕೆಟ್. ಟೆಸ್ಟ್ ಅಂದ್ರ ಒಂದ, ಅದೂ 2012ರ ಪರ್ತ್. ಅಲ್ಲಿ ವಾರ್ನರ್ ಬಡದ್ದ ಬಡದ್ದು, 73 ರನ್ನಿಗೆ ಒಂದು ವಿಕೆಟ್. "ಸ್ಪೀಡ್ ಇಲ್ಲ, ಸ್ಪೀಡ್ ಇಲ್ಲ" ಅಂತ ಟಿವಿ ಮುಂದ ಕುಂತ ಮಂದಿ ಎಲ್ಲಾ ಒದರಿದ್ರು. ಅದ ಮನಷ್ಯಾ ಕರ್ನಾಟಕದ ನಾಯಕ ಆಗಿ 2013-14, 2014-15 ಎರಡೂ ವರ್ಷ ರಣಜಿ ಗೆದ್ದು ತಂದ. ವಾಂಖೆಡೆ ಫೈನಲ್‌ನ್ಯಾಗ ತಮಿಳುನಾಡಿನ ಐದು ವಿಕೆಟ್ ತಗದು, ಮ್ಯಾಲ ಶತಕಾನೂ ಹೊಡದ. ಕರುಣ್ ನಾಯರ್ 328ರ ಗದ್ದಲದಾಗ ಆ ಶತಕ ಮಂದಿ ಮರತೇ ಬಿಟ್ರು.

ಅಂಕಿಲೆಕ್ಕ ಅವ್ರ, ನಿಮ್ಮ ಲೆಕ್ಕದಾಗ ವಿನಯ್‌ನೂ ಸಣ್ಣ ಬೌಲರ್ ಏನ್ರಿ?

ಅಂಕಿಲೆಕ್ಕ

ಸಾರ್, ವಿನಯ್ ಬಗ್ಗೆ ಒಂದು ಮಾತೂ ಕಡಿಮೆ ಆಡಿಲ್ಲ ನಾನು. ರಣಜಿಯ ಸತ್ತ ಪಿಚ್‌ಗಳಲ್ಲಿ ನಮ್ಮಲ್ಲಿ ಬಳಸುವ ಎಸ್‌ಜಿ ಚೆಂಡಿನಿಂದ ತೆಗೆದ 504ರ ತೂಕ ಬೇರೆ. ನಾನು ಕೇಳಿದ್ದು ಅನುಕೂಲ ಇದ್ದ ಕಡೆಯ 985ಕ್ಕೆ ಎಷ್ಟು ತೂಕ ಕೊಡಬೇಕು ಅಂತ.

ಪಿಯುಸಿ ಪೇಸರ್

ನಾನು ಕಾಲೇಜ್ ಟೀಮ್‌ನಲ್ಲಿ ಬೌಲ್ ಮಾಡ್ತೀನಿ. ಒಂದು ಪ್ರಶ್ನೆ: ಎಲ್ಲರೂ ಡ್ಯೂಕ್ಸ್ ಚೆಂಡು ಅನುಕೂಲ ಅಂತಾರೆ, ನಿಜವಾಗ್ಲೂ ಏನು ಅನುಕೂಲ? ಮತ್ತೆ ಮಧ್ಯಮ ವೇಗಿ, ಫಾಸ್ಟ್-ಮೀಡಿಯಂ ಅಂತಾರಲ್ಲ, ಅದು ಎಷ್ಟು ವೇಗ?

ಸ್ಕೋರ್‌ಬುಕ್ ಅಕ್ಕ

ತಮ್ಮಾ, ಒಳ್ಳೆಯ ಪ್ರಶ್ನೆ. ವೇಗಕ್ಕೆ ಕಟ್ಟುನಿಟ್ಟಾದ ಗೆರೆ ಇಲ್ಲ. ಗಂಟೆಗೆ ಸುಮಾರು 130 ಕಿಲೋಮೀಟರ್ ಆಸುಪಾಸು, ಕೆಲವೊಮ್ಮೆ ಸ್ವಲ್ಪ ಮೇಲೆ ಹೋಗುವವರನ್ನು ಹಾಗೆ ಕರೆಯುತ್ತಾರೆ. ಬ್ಯಾಟ್ಸ್‌ಮನ್ ಹೆದರುವ ವೇಗ ಅಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಚೆಂಡು ಬೆರಳಷ್ಟು ದಾರಿ ಬದಲಿಸಿದರೆ ಸರಿಪಡಿಸಿಕೊಳ್ಳಲು ಸಮಯ ಸಿಗದಷ್ಟು ವೇಗ.

ಡ್ಯೂಕ್ಸ್ ಚೆಂಡಿನ ಹೊಲಿಗೆ ಕೈಯಿಂದ ಹಾಕಿದ್ದು, ಎದ್ದು ನಿಂತಿರುತ್ತದೆ, ಬಹಳ ಓವರ್ ಆದರೂ ಕೂರುವುದಿಲ್ಲ. ಇಂಗ್ಲೆಂಡ್‌ನ ಮೈದಾನದಲ್ಲಿ ಹುಲ್ಲು ಹಸಿರಾಗಿ ಮೆತ್ತಗಿರುವುದರಿಂದ ಚೆಂಡಿನ ಹೊಳಪೂ ಬೇಗ ಹೋಗುವುದಿಲ್ಲ. ಹೊಳಪಿನ ಬದಿ ಕಾಪಾಡಿಕೊಂಡರೆ ನಲವತ್ತು, ಐವತ್ತು ಓವರ್ ಆದ ಮೇಲೂ ಸ್ವಿಂಗ್ ಸಿಗುತ್ತದೆ.

ಆದರೆ ಅಂಕಿಲೆಕ್ಕ ಅವರು ಇದನ್ನು ಬರೀ ಅನುಕೂಲ ಅಂದರು, ಅದಕ್ಕೆ ನನ್ನ ತಕರಾರು ಇದೆ. ಅದೇ ಚೆಂಡು ಎದುರಾಳಿ ಬೌಲರ್ ಕೈಗೂ ಬರುತ್ತದೆ. ಇಡೀ ಕೌಂಟಿಯಲ್ಲಿ ಆ ಚೆಂಡನ್ನು ಹಾಕಿದವರು ನೂರಾರು ಜನ, ಅದರಿಂದ 900 ದಾಟಿದವರು ಈ ಕಾಲದಲ್ಲಿ ಬೆರಳೆಣಿಕೆ. ಜೂನ್, ಜುಲೈನಲ್ಲಿ ಬಿಸಿಲು ಬಂದು ಪಿಚ್ ಚಪ್ಪಟೆ ಆದಾಗಲೂ ಓಡಿ ಬರಲೇಬೇಕು. 2000ದಲ್ಲಿ ಎರಡು ವಿಭಾಗ ಆದ ಮೇಲೆ ಒಂದು ಋತುವಿಗೆ ನಾಲ್ಕು ದಿನಗಳ 16 ಪಂದ್ಯ, ನಡುವೆ ಏಕದಿನ, ಟಿ20. ನಾಲ್ಕು ದಿನ ಆಡಿ ರಾತ್ರಿ ಮೋಟಾರುದಾರಿ ಹಿಡಿದು ಇನ್ನೊಂದು ಊರು ಸೇರಿ ಬೆಳಿಗ್ಗೆ ಮತ್ತೆ ಹೊಸ ಚೆಂಡು. ಬೆನ್ನು, ಮೊಣಕಾಲು, ಪಾದದ ಕೀಲು ಇಷ್ಟನ್ನೂ 24 ಋತು ಕಾಪಾಡಿಕೊಂಡದ್ದನ್ನು ಸರಾಸರಿ ತೋರಿಸುವುದಿಲ್ಲ.

ಹೊಸಚೆಂಡು

ಅಕ್ಕ, ನೂರಕ್ಕೆ ನೂರು. ಅಂಕಿಲೆಕ್ಕ ಅವರು "ಹೆಸರು ಹೇಳಿ" ಅಂದರಲ್ಲ, ಹೇಳುತ್ತೇನೆ. 90ರ ದಶಕ ಬಿಡಿ, 2003ರ ಬೇಸಿಗೆ ತೆಗೆದುಕೊಳ್ಳಿ.

ಆ ಒಂದೇ ಬೇಸಿಗೆಯಲ್ಲಿ ಜಿಂಬಾಬ್ವೆ, ದಕ್ಷಿಣ ಆಫ್ರಿಕಾ ವಿರುದ್ಧ ಇಂಗ್ಲೆಂಡ್ ಆಡಿಸಿದ ವೇಗಿಗಳು: ಆಂಡರ್ಸನ್, ಹಾರ್ಮಿಸನ್, ಹಾಗರ್ಡ್, ಗಫ್, ರಿಚರ್ಡ್ ಜಾನ್ಸನ್, ಜೇಮ್ಸ್ ಕರ್ಟ್ಲಿ, ಕಬೀರ್ ಅಲಿ, ಬಿಕ್ನೆಲ್, ಜೊತೆಗೆ ಫ್ಲಿಂಟಾಫ್. ಹೆಡಿಂಗ್ಲಿ ಟೆಸ್ಟ್‌ನಲ್ಲಂತೂ ಕರ್ಟ್ಲಿ, ಬಿಕ್ನೆಲ್, ಕಬೀರ್ ಅಲಿ ಮೂವರನ್ನೂ ಒಟ್ಟಿಗೆ ಇಳಿಸಿದರು. ಚಾಪಲ್‌ಗೂ ಆ ಬೇಸಿಗೆ ತಂಡಕ್ಕೆ ಕರೆ ಬಂದಿತ್ತು, ಆಡುವ ಹನ್ನೊಂದರಲ್ಲಿ ಜಾಗ ಮಾತ್ರ ಸಿಗಲಿಲ್ಲ. ಇಷ್ಟು ಜನರಿಗೆ ಬಾಗಿಲು ತೆರೆದ ವರ್ಷದಲ್ಲಿ ಹೊಸ್ತಿಲವರೆಗೆ ಬಂದು ವಾಪಸಾದ ಬೌಲರ್ ಅವರು. ಆಗ 29 ವರ್ಷ, ತಾಕತ್ತಿನ ವಯಸ್ಸು.

ಅಂಕಿಲೆಕ್ಕ

2003ರ ವಿಷಯ ಒಪ್ಪಿದೆ. ಆ ಹೆಡಿಂಗ್ಲಿ ಟೆಸ್ಟ್‌ಗೆ ಚಾಪಲ್ ಬರಬಹುದಿತ್ತು. ಆದರೆ ಬಿಕ್ನೆಲ್ ಬದಲು ಅಲ್ಲ. ಮುಂದಿನ ಓವಲ್ ಟೆಸ್ಟ್‌ನಲ್ಲಿ ಬಿಕ್ನೆಲ್ ಎರಡನೇ ಇನಿಂಗ್ಸ್‌ನಲ್ಲಿ 84ಕ್ಕೆ 4 ತೆಗೆದರು, ಸರಣಿ 2-2 ಆಯಿತು. 1993ರಲ್ಲಿ ಎರಡು ಟೆಸ್ಟ್ ಆಡಿಸಿ ಹತ್ತು ವರ್ಷ ಮರೆತಿದ್ದ ಬೌಲರ್ ಅವರು. ಅನ್ಯಾಯದ ಪಟ್ಟಿ ಬರೆದರೆ ನನ್ನ ಮೊದಲ ಹೆಸರು ಬಿಕ್ನೆಲ್.

ಇನ್ನೊಂದು ಕಾರಣವನ್ನೂ ಹೇಳಲೇಬೇಕು. 1999ರಿಂದ 2007ರವರೆಗೆ ಇಂಗ್ಲೆಂಡ್ ಕೋಚ್ ಆಗಿದ್ದವರು ಡಂಕನ್ ಫ್ಲೆಚರ್. ಅವರಿಗೆ ಬೇಕಿದ್ದುದು ಎತ್ತರದಿಂದ ಪುಟಿಸುವವರು, ಗಂಟೆಗೆ 90 ಮೈಲಿ ಹತ್ತಿರ ಹಾಕುವವರು. ಆಸ್ಟ್ರೇಲಿಯಾದ ಗಟ್ಟಿ ಪಿಚ್‌ನಲ್ಲಿ ಅಲ್ಲಿನ ಕೂಕಬುರಾ ಚೆಂಡು ಸ್ವಿಂಗ್ ಆಗದೇ ಹೋದಾಗ ಏನು ಮಾಡ್ತೀರಿ ಎಂಬುದು ಅವರ ಪ್ರಶ್ನೆ. 2005ರ ಆಶಸ್, ಅಂದರೆ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಸರಣಿ, ಅವರಿಗೆ ಗೆದ್ದುಕೊಟ್ಟದ್ದು ಹಾರ್ಮಿಸನ್, ಫ್ಲಿಂಟಾಫ್, ಸೈಮನ್ ಜೋನ್ಸ್, ಹಾಗರ್ಡ್. ಆ ಫಲಿತಾಂಶ ನೋಡಿದ ಮೇಲೆ ಅವರ ಆಯ್ಕೆ ತಪ್ಪು ಅಂತ ಹೇಗೆ ಹೇಳಲಿ?

ಕುಂದಾಪುರದ ಕೀಪರ್

90ರ ದಶಕದಲ್ಲಿ ಕ್ಯಾಪ್ ಸಿಕ್ಕಿದ್ದರೆ ಒಳ್ಳೆಯದಾಗುತ್ತಿತ್ತು ಅಂತ ಯಾಕೆ ಅಂದುಕೊಳ್ಳಬೇಕು? ಆಗಿನ ಇಂಗ್ಲೆಂಡ್ ತಂಡ ನೆನಪಿಸಿಕೊಳ್ಳಿ. ಗ್ಲಾಸ್ಟರ್‌ಶೈರ್‌ನ ಮೈಕ್ ಸ್ಮಿತ್ 1997ರಲ್ಲಿ ಹೆಡಿಂಗ್ಲಿಯಲ್ಲಿ ಆಡಿದರು. ಮ್ಯಾಥ್ಯೂ ಎಲಿಯಟ್ ಕೊಟ್ಟ ಸುಲಭ ಕ್ಯಾಚನ್ನು ಸ್ಲಿಪ್‌ನಲ್ಲಿ ಥಾರ್ಪ್ ಬಿಟ್ಟರು, ಎಲಿಯಟ್ 199ಕ್ಕೆ ಹೋದರು. ಸ್ಮಿತ್‌ಗೆ ವಿಕೆಟ್ ಇಲ್ಲ, ಇನ್ನೊಂದು ಟೆಸ್ಟ್ ಕೂಡ ಇಲ್ಲ. ಡರ್ಹಮ್‌ನ ಸೈಮನ್ ಬ್ರೌನ್ 1996ರಲ್ಲಿ ಒಂದು ಟೆಸ್ಟ್. ಜೋಯಿ ಬೆಂಜಮಿನ್ 1994ರಲ್ಲಿ ಮೊದಲ ಇನಿಂಗ್ಸ್‌ನಲ್ಲೇ ನಾಲ್ಕು ವಿಕೆಟ್ ತೆಗೆದೂ ಒಂದೇ ಟೆಸ್ಟ್.

ಒಂದು ಕ್ಯಾಚ್ ಬಿಟ್ಟದ್ದರಿಂದ ಒಬ್ಬ ಬೌಲರ್‌ನ ಹೆಸರಿನ ಮುಂದೆ "ವಿಫಲ" ಅಂತ ಬೀಳುವ ಕಾಲ ಅದು. ಚಾಪಲ್ ಆ ಸಮಯದಲ್ಲಿ ಲ್ಯಾಂಕಾಶೈರ್‌ನಲ್ಲಿ ವಾಸಿಂ ಅಕ್ರಂ ಪಕ್ಕ ನಿಂತು ಕಲಿಯುತ್ತಿದ್ದರು. ನನಗೆ ಕೇಳಿದರೆ ಅದೇ ಲಾಭ.

ಸ್ಕೋರ್‌ಬುಕ್ ಅಕ್ಕ

ಅಕ್ರಂ ಹೆಸರು ಬಂತಲ್ಲ, ಕೌಂಟಿಗಳ ಒಂದು ದಿನದ ಕಪ್ ಆದ ನ್ಯಾಟ್‌ವೆಸ್ಟ್‌ನ 1996ರ ಫೈನಲ್ ಹೇಳದೆ ಇರಲಾರೆ.

ಲಾರ್ಡ್ಸ್, ಸೆಪ್ಟೆಂಬರ್, 60 ಓವರ್ ಪಂದ್ಯ. ಲ್ಯಾಂಕಾಶೈರ್ 186ಕ್ಕೆ ಆಲೌಟ್. ಜಾನ್ ಕ್ರಾಲಿಯ 66 ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎದುರಿಗೆ ಎಸ್ಸೆಕ್ಸ್, ಅದರಲ್ಲಿ ಗೂಚ್, ನಾಸಿರ್ ಹುಸೇನ್, ಸ್ಟುವರ್ಟ್ ಲಾ. ಅವರು 57ಕ್ಕೆ ಮುಗಿದರು! ಚಾಪಲ್ 18 ರನ್ನಿಗೆ 6. ಇನ್ನೊಂದು ಕಡೆಯಿಂದ ಪೀಟರ್ ಮಾರ್ಟಿನ್ ಮೂರು. 22 ವರ್ಷದ ಹುಡುಗ ಲಾರ್ಡ್ಸ್ ಫೈನಲ್‌ನಲ್ಲಿ ಆರು ವಿಕೆಟ್ ತೆಗೆದ ದಿನ ಅದು. ಇಡೀ ವೃತ್ತಿಜೀವನದಲ್ಲಿ 280ಕ್ಕೂ ಹೆಚ್ಚು ಲಿಸ್ಟ್ ಎ, ಅಂದರೆ ಒಂದು ದಿನದ ಪಂದ್ಯ ಆಡಿದರೂ ಅದಕ್ಕಿಂತ ಒಳ್ಳೆಯ ಬೌಲಿಂಗ್ ಅವರ ಹೆಸರಿನಲ್ಲಿ ಇಲ್ಲ.

ಆ ಲ್ಯಾಂಕಾಶೈರ್ ಕಪ್ ಗೆಲ್ಲುವ ತಂಡ. 95ರಲ್ಲಿ ಬೆನ್ಸನ್ ಅಂಡ್ ಹೆಜಸ್, 96ರಲ್ಲಿ ಅದೂ ನ್ಯಾಟ್‌ವೆಸ್ಟೂ, 98ರಲ್ಲಿ ಮತ್ತೆ ನ್ಯಾಟ್‌ವೆಸ್ಟ್, ಜೊತೆಗೆ ಭಾನುವಾರದ ಲೀಗ್. ಆದರೆ ನಾಲ್ಕು ದಿನಗಳ ಚಾಂಪಿಯನ್‌ಶಿಪ್ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. 1998, 1999, 2000, 2003, 2006, ಐದು ಸಲ ಎರಡನೇ ಸ್ಥಾನ. ನಡುವೆ 2004ರಲ್ಲಿ ಎರಡನೇ ವಿಭಾಗಕ್ಕೆ ಬಿದ್ದೂ ಎದ್ದರು. ಈ ಎಲ್ಲ ವರ್ಷಗಳಲ್ಲೂ ಹೊಸ ಚೆಂಡು ಹಿಡಿದವರು ಚಾಪಲ್.

ಮೈಸೂರು ಮಿಡ್‌ಆನ್

ನಮ್ಮ ತಲೆಮಾರಿನ ಕನ್ನಡಿಗರಿಗೆ ಕೌಂಟಿ ಕ್ರಿಕೆಟ್ ಹತ್ತಿರ ಆಗಿದ್ದು 1995ರಲ್ಲಿ. ಕುಂಬ್ಳೆ ನಾರ್ತಾಂಪ್ಟನ್‌ಶೈರ್‌ಗೆ, ಶ್ರೀನಾಥ್ ಗ್ಲಾಸ್ಟರ್‌ಶೈರ್‌ಗೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಕ್ರೀಡಾಪುಟದ ಮೂಲೆಯಲ್ಲಿ ಸಣ್ಣ ಅಕ್ಷರದ ಕೌಂಟಿ ಸ್ಕೋರ್ ಹುಡುಕುತ್ತಿದ್ದೆ. ಆ ಋತುವಿನಲ್ಲಿ ಕುಂಬ್ಳೆ 105 ವಿಕೆಟ್, ಶ್ರೀನಾಥ್ 87. ಆ ಅಂಕಿಗಳ ಮಧ್ಯೆ ಚಾಪಲ್, ಮಾರ್ಟಿನ್, ವಾಟ್ಕಿನ್ಸನ್ ಅನ್ನುವ ಹೆಸರುಗಳೂ ಕಣ್ಣಿಗೆ ಬಿದ್ದು ಪರಿಚಯ ಆಗಿಬಿಟ್ಟವು, ಮುಖ ನೋಡದೆಯೇ.

ಚಾಪಲ್ ಆ ಹೊತ್ತಿಗಾಗಲೇ ಭಾರತ ನೋಡಿಕೊಂಡು ಹೋಗಿದ್ದರು, 1994-95ರ ಇಂಗ್ಲೆಂಡ್ ಎ ಪ್ರವಾಸದಲ್ಲಿ. ಅಂದರೆ ಇಪ್ಪತ್ತೊಂದಕ್ಕೇ ಆಯ್ಕೆಗಾರರ ಕಣ್ಣಲ್ಲಿ ಇದ್ದ ಹುಡುಗ. ಅಲ್ಲಿಂದ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಲು 2006 ಬರಬೇಕಾಯಿತು.

ಪಿಯುಸಿ ಪೇಸರ್

ಆ ಒಂದು ಪಂದ್ಯದ ಕಥೆ ಏನು ಸಾರ್? ನಾಲ್ಕೇ ಓವರ್ ಯಾಕೆ?

ಮೈಸೂರು ಮಿಡ್‌ಆನ್

2006ರ ಜೂನ್ 13, ಬೆಲ್‌ಫಾಸ್ಟ್‌ನ ಸ್ಟಾರ್ಮಾಂಟ್ ಮೈದಾನ. ಐರ್ಲೆಂಡ್‌ನ ಮೊಟ್ಟಮೊದಲ ಅಧಿಕೃತ ಏಕದಿನ ಪಂದ್ಯ. ಇಂಗ್ಲೆಂಡ್ ಪರ ಎಡ್ ಜಾಯ್ಸ್, ಐರ್ಲೆಂಡ್ ಪರ ಅವರ ಅಣ್ಣತಮ್ಮಂದಿರಲ್ಲೊಬ್ಬ ಡೊಮಿನಿಕ್, ಇಬ್ಬರೂ ಅದೇ ದಿನ ಪದಾರ್ಪಣೆ. ಟ್ರೆಸ್ಕೊಥಿಕ್ ಶತಕ. ಚಾಪಲ್‌ಗೆ 32 ವರ್ಷ. ನಾಲ್ಕು ಓವರ್ ಹಾಕಿದ ಮೇಲೆ ಪಕ್ಕೆಯ ಸ್ನಾಯು ಎಳೆದು ಹೊರಗೆ ಹೋದರು. ಮತ್ತೆ ಕರೆ ಬರಲಿಲ್ಲ.

ಅಷ್ಟು ವರ್ಷ ಕಾದು ಸಿಕ್ಕ ದಿನವೇ ಮೈ ಕೈಕೊಟ್ಟದ್ದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಮ್ಯಾಂಚೆಸ್ಟರ್ ಕನ್ನಡಿಗ

ಇಲ್ಲಿಗೆ ಬಂದು ನೆಲೆಸಿದ ಮೇಲೆ ಓಲ್ಡ್ ಟ್ರಾಫರ್ಡ್‌ನಲ್ಲಿ ಚಾಪಲ್ ಆಟ ಕಣ್ಣಾರೆ ನೋಡಿದವನು ನಾನು. ನೀವು ಅಂಕಿ ಹೇಳಿದಿರಿ, ನಾನು ಕಂಡದ್ದನ್ನು ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಕೌಂಟಿ ಪಂದ್ಯ ನೋಡಲು ಬರುವವರು ಕೋಟು, ಕಂಬಳಿ, ಫ್ಲಾಸ್ಕ್‌ನಲ್ಲಿ ಚಹಾ ಸಮೇತ ಬರುತ್ತಾರೆ. ಹೆಚ್ಚಿನವರು ವಯಸ್ಸಾದವರು. ಮಾತು ಕಡಿಮೆ. ಚಾಪಲ್ ಕೈಗೆ ಚೆಂಡು ಬಂದರೆ ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಬ್ಯಾಟ್ಸ್‌ಮನ್ ಮುಂಗಾಲು ಇಡಲೋ ಬೇಡವೋ ಅಂತ ತಡವರಿಸುವ ಜಾಗದಲ್ಲೇ ಚೆಂಡು ಬೀಳುತ್ತಿತ್ತು. ಆರರಲ್ಲಿ ನಾಲ್ಕು ಆಚೆ ಹೋಗುತ್ತವೆ, ಒಂದು ನೇರ ನುಗ್ಗುತ್ತದೆ. ಆ ನೇರದ್ದು ಯಾವುದು ಅಂತ ಕೈಯಿಂದ ಓದಲು ಆಗುತ್ತಿರಲಿಲ್ಲ.

ಇನ್ನು 2011. ಆ ವರ್ಷ ಚಾಂಪಿಯನ್‌ಶಿಪ್ ಆಡಲು ಓಲ್ಡ್ ಟ್ರಾಫರ್ಡ್ ಇರಲೇ ಇಲ್ಲ. ಸಂಜೆಯ ಇಳಿಬಿಸಿಲು ಬ್ಯಾಟ್ಸ್‌ಮನ್ ಕಣ್ಣಿಗೆ ಹೊಡೆಯುತ್ತದೆ ಅಂತ ಪಿಚ್‌ಗಳ ದಿಕ್ಕನ್ನೇ ತೊಂಬತ್ತು ಡಿಗ್ರಿ ತಿರುಗಿಸುವ ಕೆಲಸ ನಡೆದಿತ್ತು. ಮೈದಾನದ ಪುನರ್‌ನಿರ್ಮಾಣ ಕೋರ್ಟಿನ ಮೆಟ್ಟಿಲು ಹತ್ತಿ ಕ್ಲಬ್‌ನ ದುಡ್ಡೂ ಕರಗುತ್ತಿತ್ತು. ತವರಿನ ಪಂದ್ಯಗಳಲ್ಲಿ ಹೆಚ್ಚಿನವು ಲಿವರ್‌ಪೂಲ್‌ನ ಐಗ್‌ಬರ್ತ್ ಮೈದಾನಕ್ಕೆ ಹೋದವು. ದೊಡ್ಡ ಹೆಸರಿನ ವಿದೇಶಿ ಆಟಗಾರರಿಲ್ಲ. ಋತು ಶುರುವಾಗುವ ಮುಂಚೆ ಬಹಳ ಜನ ಈ ತಂಡ ಕೆಳಗಿನ ವಿಭಾಗಕ್ಕೆ ಬೀಳುತ್ತದೆ ಅಂತಲೇ ಬರೆದಿದ್ದರು. ಆ ಋತುವಿನಲ್ಲಿ ಲ್ಯಾಂಕಾಶೈರ್‌ನ ಒಬ್ಬ ಬ್ಯಾಟ್ಸ್‌ಮನ್ ಕೂಡ ಚಾಂಪಿಯನ್‌ಶಿಪ್‌ನಲ್ಲಿ ಸಾವಿರ ರನ್ ಮುಟ್ಟಲಿಲ್ಲ. ಇಡೀ ಋತು ನಡೆದದ್ದು ಬೌಲರ್‌ಗಳ ಹೆಗಲ ಮೇಲೆ: ಚಾಪಲ್, ಕೈಲ್ ಹಾಗ್, ಎಡಗೈ ಸ್ಪಿನ್ನರ್‌ಗಳಾದ ಗ್ಯಾರಿ ಕೀಡಿ, ಸೈಮನ್ ಕೆರಿಗನ್. ಕೋಚ್ ಪೀಟರ್ ಮೂರ್ಸ್. 37ರ ನಾಯಕ 57 ವಿಕೆಟ್ ತೆಗೆದರು.

ಕೊನೆಯ ಎರಡು ಪಂದ್ಯ ಮಾತ್ರ ನಾನು ಜನ್ಮದಲ್ಲಿ ಮರೆಯುವುದಿಲ್ಲ. ಮೊದಲನೆಯದು ಐಗ್‌ಬರ್ತ್‌ನಲ್ಲಿ ಹ್ಯಾಂಪ್‌ಶೈರ್ ವಿರುದ್ಧ. ಕೊನೆಯ ದಿನ, ಮುಗಿಯಲು ಇನ್ನು ಕೆಲವೇ ನಿಮಿಷ ಅನ್ನುವಾಗ ಕೆರಿಗನ್ ಕೊನೆಯ ವಿಕೆಟ್ ಕಿತ್ತರು. 51ಕ್ಕೆ 9. ಆಮೇಲೆ ಟಾಂಟನ್‌ನಲ್ಲಿ ಸಾಮರ್ಸೆಟ್ ವಿರುದ್ಧ.

ಧಾರವಾಡ ಸೆಕೆಂಡ್ ಸ್ಲಿಪ್

ಟಾಂಟನ್ ಕಥಿ ಪೂರಾ ಹೇಳ್ರಿ, ನಡುವ ಬಿಡಬ್ಯಾಡ್ರಿ.

ಮ್ಯಾಂಚೆಸ್ಟರ್ ಕನ್ನಡಿಗ

ಹೇಳುತ್ತೇನೆ ಸಾರ್. ಆದರೆ 2007 ಗೊತ್ತಿಲ್ಲದೆ 2011ರ ಬಿಸಿ ಗೊತ್ತಾಗುವುದಿಲ್ಲ.

2007ರ ಕೊನೆಯ ಪಂದ್ಯ ಓವಲ್‌ನಲ್ಲಿ, ಸರ್ರೆ ವಿರುದ್ಧ. ಗೆದ್ದರೆ ಚಾಂಪಿಯನ್. ಗುರಿ 489. ಯಾರೂ ನಂಬದ ಗುರಿಯನ್ನು ಇವರು ಬೆನ್ನಟ್ಟಿದರು. ನಮ್ಮ ವಿವಿಎಸ್ ಲಕ್ಷ್ಮಣ್ ಆಗ ಲ್ಯಾಂಕಾಶೈರ್‌ನಲ್ಲಿದ್ದರು, ಸರಿಯಾಗಿ 100 ಹೊಡೆದರು. ಸಂಜೆ ಹೊತ್ತಿಗೆ 464. ಡೊಮಿನಿಕ್ ಕಾರ್ಕ್ ಕೊನೆಯವರಾಗಿ ಔಟ್. 24 ರನ್ನಿನಿಂದ ಹೋಯಿತು. ಕಾರ್ಕ್ ಅಲ್ಲೇ ಮಂಡಿಯೂರಿ ಕುಸಿದರು. ಪ್ರಶಸ್ತಿ ಸಸೆಕ್ಸ್‌ಗೆ.

ನಾಲ್ಕು ವರ್ಷದ ನಂತರ ಟಾಂಟನ್. ಪಂದ್ಯದ ಮಧ್ಯದಲ್ಲೇ ಚಾಪಲ್ ತೊಡೆಯ ಹಿಂಬದಿ ಸ್ನಾಯು ಎಳೆಯಿತು. ಬೇರೆ ಯಾರಾದರೂ ಆಗಿದ್ದರೆ ಡ್ರೆಸಿಂಗ್ ರೂಮಿನಲ್ಲಿ ಐಸ್ ಕಟ್ಟಿಕೊಂಡು ಕೂರುತ್ತಿದ್ದರು. ಇವರು ಓಟ ಕಡಿಮೆ ಮಾಡಿಕೊಂಡು, ಕುಂಟುತ್ತಲೇ ಮತ್ತೆ ಮತ್ತೆ ಬೌಲ್ ಮಾಡಿದರು. ಕೊನೆಯ ದಿನ ಸಾಮರ್ಸೆಟ್‌ನ ಬಾಲ ಎಳೆದಾಡಿ ಸಮಯ ತಿಂದಿತು. ಕಡೆಗೆ 310ಕ್ಕೆ ಮುಗಿದಾಗ ಲೆಕ್ಕ ಹೀಗಿತ್ತು: 34 ಓವರ್‌ನಲ್ಲಿ 211.

ಅದೇ ಹೊತ್ತಿಗೆ ಸೌತಾಂಪ್ಟನ್‌ನಲ್ಲಿ ವಾರ್ವಿಕ್‌ಶೈರ್ ಹ್ಯಾಂಪ್‌ಶೈರ್ ವಿಕೆಟ್‌ಗಾಗಿ ಒದ್ದಾಡುತ್ತಿತ್ತು. ಅವರು ಗೆದ್ದರೆ ಟಾಂಟನ್‌ನಲ್ಲಿ ಏನು ಮಾಡಿದರೂ ಉಪಯೋಗ ಇಲ್ಲ. ಎಲ್ಲರ ಕಿವಿ ರೇಡಿಯೊಗೆ ಅಂಟಿತ್ತು. ಹ್ಯಾಂಪ್‌ಶೈರ್ ಜಗ್ಗಲಿಲ್ಲ, ಅಲ್ಲಿ ಡ್ರಾ. ಇಲ್ಲಿ ಪಾಲ್ ಹಾರ್ಟನ್, ಸ್ಟೀಫನ್ ಮೂರ್ ಮೊದಲ ವಿಕೆಟ್‌ಗೇ ನೂರು ದಾಟಿಸಿದರು. ಸ್ಟೀವನ್ ಕ್ರಾಫ್ಟ್, ಕಾರ್ಲ್ ಬ್ರೌನ್ ನಿಂತು ಮುಗಿಸಿದರು. ಎಂಟು ವಿಕೆಟ್ ಗೆಲುವು, ಓವರ್‌ಗಳೂ ಉಳಿದಿದ್ದವು.

1934ರ ನಂತರ ಲ್ಯಾಂಕಾಶೈರ್ ಒಂಟಿಯಾಗಿ ಗೆದ್ದ ಮೊದಲ ಚಾಂಪಿಯನ್‌ಶಿಪ್. 1950ರಲ್ಲಿ ಸರ್ರೆ ಜೊತೆ ಹಂಚಿಕೊಂಡದ್ದು ಬಿಟ್ಟರೆ ನಡುವೆ ಏನೂ ಇಲ್ಲ. ಹಳೆಯ ಕಾಲದ ವೇಗಿ ಬ್ರಯಾನ್ ಸ್ಟ್ಯಾಥಮ್ ಕೌಂಟಿಗಾಗಿ 1816 ವಿಕೆಟ್ ತೆಗೆದೂ ಒಂಟಿ ಪ್ರಶಸ್ತಿ ಸಿಗಲಿಲ್ಲ. ಕ್ಲೈವ್ ಲಾಯ್ಡ್ ಆಡಿದರು, ಅಕ್ರಂ ಆಡಿದರು, ಅಥರ್ಟನ್ ಆಡಿದರು, ಫ್ಲಿಂಟಾಫ್ ಆಡಿದರು, ಯಾರ ಕೈಗೂ ಬರಲಿಲ್ಲ. ಅದನ್ನು ಎತ್ತಿ ಹಿಡಿದದ್ದು ಟೆಸ್ಟ್ ಆಡದ ಒಬ್ಬ ಬೌಲರ್.

ಅಂಕಿಲೆಕ್ಕ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾಯಕನಾಗಿ ಅವರು ಮಾಡಿದ್ದಕ್ಕೆ ನನ್ನ ಪೂರ್ಣ ನಮಸ್ಕಾರ. ಆದರೂ ನನ್ನ ವಾದ ಬೇರೆ. ಒಂದು ಋತುವಿನ ಕಥೆ ಹಿಡಿದು ಇಡೀ ವೃತ್ತಿಜೀವನವನ್ನು ಎತ್ತರಿಸಬಾರದು. ಮರುವರ್ಷವೇ, 2012ರಲ್ಲಿ, ಅದೇ ತಂಡ ಅದೇ ನಾಯಕನ ಕೈಯಲ್ಲಿ ಎರಡನೇ ವಿಭಾಗಕ್ಕೆ ಬಿತ್ತು. ಇದನ್ನೂ ಹೇಳಬೇಕು.

ಹೊಸಚೆಂಡು

ಹೇಳಬೇಕು, ಖಂಡಿತ. 2012ರಲ್ಲಿ ಬಿದ್ದರು, 2013ರಲ್ಲಿ ಎರಡನೇ ವಿಭಾಗ ಗೆದ್ದು ಮೇಲೆ ಬಂದರು, 2014ರಲ್ಲಿ ಮತ್ತೆ ಬಿದ್ದರು. 2014ರ ಏಪ್ರಿಲ್‌ನಲ್ಲಿ ಮೂರ್ಸ್ ಇಂಗ್ಲೆಂಡ್ ಕೋಚ್ ಆಗಿ ಹೋದ ಮೇಲೆ ಕೋಚಿಂಗ್ ಹೊರೆಯೂ ಚಾಪಲ್ ಹೆಗಲಿಗೇ ಬಿತ್ತು. 40 ವರ್ಷದವರು, ಬೌಲ್ ಮಾಡುತ್ತ, ತಂಡವನ್ನೂ ನೋಡಿಕೊಳ್ಳುತ್ತ. 77 ವರ್ಷಕ್ಕೊಮ್ಮೆ ಗೆದ್ದ ತಂಡ ಒಳಗಿಂದ ಎಷ್ಟು ತೆಳ್ಳಗಿತ್ತು ಎಂಬುದನ್ನು ಆ ಏರಿಳಿತವೇ ತೋರಿಸುತ್ತದೆ. ಅಂಥ ತಂಡದಿಂದ 2011 ಹೊರಬಂದದ್ದಕ್ಕೇ ನನಗೆ ಅದರ ಬೆಲೆ ಹೆಚ್ಚು.

ಮತ್ತೆ ಒಂದೇ ಋತು ಅಂದಿರಲ್ಲ. 1996ರ ಲಾರ್ಡ್ಸ್ ಇದೆ. 2007ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಡರ್ಹಮ್ ವಿರುದ್ಧ 53ಕ್ಕೆ 7 ಇದೆ, ಅವರ ಜೀವಮಾನದ ಶ್ರೇಷ್ಠ. 2001ರಲ್ಲಿ ಸಾಮರ್ಸೆಟ್ ವಿರುದ್ಧದ 155 ಇದೆ.

ಕುಂದಾಪುರದ ಕೀಪರ್

ಬ್ಯಾಟಿಂಗ್ ಅಂದಾಗ 1993ರ ಶತಕ ಯಾರೂ ಹೇಳಲಿಲ್ಲ! ಗ್ಲಮಾರ್ಗನ್ ವಿರುದ್ಧ 21 ನಿಮಿಷದಲ್ಲಿ ನೂರು, 27 ಎಸೆತ. ಹತ್ತೊಂಬತ್ತು ವರ್ಷದ ಹುಡುಗ.

ಸ್ಕೋರ್‌ಬುಕ್ ಅಕ್ಕ

ಅದನ್ನು ನಾನು ಬೇಕೆಂದೇ ಬಿಟ್ಟೆ. ಪಂದ್ಯಕ್ಕೆ ಒಂದು ಫಲಿತಾಂಶ ಬರಲಿ ಅಂತ ಎದುರಾಳಿಗಳು ಬ್ಯಾಟ್ಸ್‌ಮನ್‌ಗಳ ಕೈಗೆ ಚೆಂಡು ಕೊಟ್ಟು ಬೇಗ ಡಿಕ್ಲೇರ್ ಮಾಡಿಸಲು ಹಾಕಿದ ಎಸೆತಗಳು ಅವು. ಹಾಗೆ ಬಂದ ಶತಕಗಳನ್ನು ದಾಖಲೆ ಪುಸ್ತಕದಲ್ಲಿ ಬೇರೆಯೇ ಇಡುತ್ತಾರೆ. ಅತಿವೇಗದ ಶತಕ ಅಂದರೆ ಈಗಲೂ ಪರ್ಸಿ ಫೆಂಡರ್ 1920ರಲ್ಲಿ 35 ನಿಮಿಷದಲ್ಲಿ ಹೊಡೆದದ್ದೇ. ಚಾಪಲ್ ಅವರ ಬ್ಯಾಟಿಂಗ್ ಗೌರವಿಸಲು ಆ 21 ನಿಮಿಷ ಬೇಡ, ಉಳಿದ ಐದು ಶತಕ ಸಾಕು.

ಮೈಸೂರು ಮಿಡ್‌ಆನ್

985ರ ಬಗ್ಗೆ ಯಾರೂ ಮಾತಾಡಲಿಲ್ಲ. ಸಾವಿರಕ್ಕೆ ಹದಿನೈದು ಕಡಿಮೆ. ಒಂದು ಒಳ್ಳೆಯ ತಿಂಗಳ ಕೆಲಸ. 2015ರಲ್ಲಿ ತಂಡದ ಒಪ್ಪಂದದಲ್ಲಿ ಇದ್ದರೂ ಆಡಿದ್ದು ಬಹಳ ಕಡಿಮೆ. ಹುಡುಗರು ವಿಕೆಟ್ ತೆಗೆಯುತ್ತಿದ್ದರು, ತಂಡ ಮೇಲೇರುತ್ತಿತ್ತು. ತನ್ನ ಸಾವಿರಕ್ಕಾಗಿ ಒಬ್ಬ ಹುಡುಗನನ್ನು ಕೂರಿಸಿ ಆಡಲಿಲ್ಲ ಎಂಬುದು ನನಗೆ 985ಕ್ಕಿಂತ ದೊಡ್ಡದಾಗಿ ಕಾಣುತ್ತದೆ.

2021ರ ಜುಲೈ 5, ಓಲ್ಡ್ ಟ್ರಾಫರ್ಡ್, ಎದುರಾಳಿ ಕೆಂಟ್. ಜಿಮ್ಮಿ ಆಂಡರ್ಸನ್ 19 ರನ್ನಿಗೆ 7 ತೆಗೆದು ತಮ್ಮ ಸಾವಿರನೇ ಪ್ರಥಮ ದರ್ಜೆ ವಿಕೆಟ್ ದಾಟಿದರು. ಬರ್ನ್‌ಲಿಯಿಂದ ಬಂದ ಹುಡುಗನಾಗಿ 2002ರಲ್ಲಿ ಈ ತಂಡ ಸೇರಿದಾಗ ಅಲ್ಲಿ ಹೊಸ ಚೆಂಡು ಹಂಚಿಕೊಳ್ಳಲು ಇದ್ದ ಹಿರಿಯ ಚಾಪಲ್. ಆ ಸಾವಿರನೇ ವಿಕೆಟ್ ಬಿದ್ದ ದಿನ ಲ್ಯಾಂಕಾಶೈರ್‌ನ ಮುಖ್ಯ ಕೋಚ್ ಕೂಡ ಚಾಪಲ್ ಅವರೇ, 2017ರಿಂದ ಆ ಹುದ್ದೆಯಲ್ಲಿದ್ದರು.

ಪಿಯುಸಿ ಪೇಸರ್

ನನ್ನ ವೇಗ 120ರ ಹತ್ತಿರ. ಅಕಾಡೆಮಿಯಲ್ಲಿ ಎಲ್ಲರೂ ವೇಗ ಹೆಚ್ಚಿಸು ಅಂತ ಮಾತ್ರ ಹೇಳ್ತಾರೆ. ಚಾಪಲ್ ತರದ ಬೌಲಿಂಗ್ ಕಲಿಯೋಕೆ ಏನು ನೋಡಬೇಕು?

ಮ್ಯಾಂಚೆಸ್ಟರ್ ಕನ್ನಡಿಗ

ತಮ್ಮಾ, ವೇಗ ಬೇಡ ಅಂತ ಯಾರೂ ಹೇಳುವುದಿಲ್ಲ, ಇರುವಷ್ಟು ಬೆಳೆಸಿಕೋ. ನಾನು ಬೌಂಡರಿ ಪಕ್ಕ ಕೂತು ಗಮನಿಸಿದ್ದು ಮೂರು ಸಂಗತಿ. ಚೆಂಡು ಕೈಬಿಡುವಾಗ ಮಣಿಕಟ್ಟು ಚೆಂಡಿನ ಹಿಂದೆಯೇ ಇರುತ್ತಿತ್ತು, ಹೊಲಿಗೆ ಅಲ್ಲಾಡದೆ ಮೊದಲ ಸ್ಲಿಪ್ ಕಡೆ ಮುಖ ಮಾಡಿ ಹೋಗುತ್ತಿತ್ತು. ಸ್ಟಂಪ್‌ಗೆ ಹತ್ತಿರದಿಂದ ಹಾಕುತ್ತಿದ್ದರು, ಹಾಗಾಗಿ ಸ್ವಿಂಗ್ ಆಗದ ಚೆಂಡೂ ಎಲ್‌ಬಿ ಕೇಳುತ್ತಿತ್ತು. ಮೂರನೆಯದು ದಿನದ ಆಟ ಮುಗಿಯುವ ಹೊತ್ತಿಗೆ ಕಂಡದ್ದು: ಸಂಜೆ ಆರಕ್ಕೂ ಓಟದ ಹೆಜ್ಜೆ ಬೆಳಿಗ್ಗೆ ಹನ್ನೊಂದರ ಹೆಜ್ಜೆಯಂತೆಯೇ ಇರುತ್ತಿತ್ತು. ನೆಟ್ಸ್‌ನಲ್ಲಿ ಕೊನೆಯ ಎರಡು ಓವರ್ ದಣಿದಾಗಲೇ ಹಾಕಿ ನೋಡು.

ಧಾರವಾಡ ಸೆಕೆಂಡ್ ಸ್ಲಿಪ್

ಭಾಳ ಛಲೋ ಮಾತು. ನಮ್ಮ ಹುಡುಗ್ರ ಗ್ರೂಪಿಗೂ ಕಳಸ್ತೀನಿ ಇದನ್ನ.

ಅಂಕಿಲೆಕ್ಕ

ಹೊಸಚೆಂಡು ಅವರೇ, ನನ್ನ ಹನ್ನೊಂದರಲ್ಲಿ ಈಗಲೂ ಬಿಕ್ನೆಲ್ ಮೊದಲು. ಆದರೆ "ಹೆಸರು ಹೇಳಿ" ಅಂದಿದ್ದೆನಲ್ಲ, 2003ರ ಹೆಡಿಂಗ್ಲಿಗೆ ಚಾಪಲ್ ಹೆಸರನ್ನು ನಾನೇ ಬರೆಯುತ್ತೇನೆ.

ಇನ್ನೊಂದು ಕೋರಿಕೆ. ಕ್ರಿಕೆಟ್ ವಾರ್ಷಿಕ ವಿಸ್ಡನ್ 2012ರಲ್ಲಿ ಆರಿಸಿದ ವರ್ಷದ ಐವರು ಆಟಗಾರರಲ್ಲಿ ಕುಕ್, ಸಂಗಕ್ಕಾರ, ಬ್ರೆಸ್ನನ್ ಜೊತೆ ಚಾಪಲ್ ಇದ್ದರು. ಐದನೆಯವರು ವೂಸ್ಟರ್‌ಶೈರ್‌ನ ಅಲನ್ ರಿಚರ್ಡ್ಸನ್. ಅವರೂ ಮಧ್ಯಮ ವೇಗಿ, ಇಂಗ್ಲೆಂಡ್‌ಗೆ ಒಂದು ಪಂದ್ಯವನ್ನೂ ಆಡದವರು, 2011ರಲ್ಲಿ ಎಪ್ಪತ್ತಕ್ಕೂ ಹೆಚ್ಚು ವಿಕೆಟ್ ತೆಗೆದು ತಮ್ಮ ತಂಡವನ್ನು ಮೊದಲ ವಿಭಾಗದಲ್ಲಿ ಉಳಿಸಿದವರು. ಡರ್ಬಿಶೈರ್, ವಾರ್ವಿಕ್‌ಶೈರ್, ಮಿಡಲ್‌ಸೆಕ್ಸ್ ಎಲ್ಲ ಸುತ್ತಿ ಬಂದವರು. ಸ್ಕೋರ್‌ಬುಕ್ ಅಕ್ಕ, ಅವರ ಬಗ್ಗೆ ನೀವೇ ಹೊಸ ಚರ್ಚೆ ಶುರು ಮಾಡಿ.

ಸ್ಕೋರ್‌ಬುಕ್ ಅಕ್ಕ

ಭಾನುವಾರ ಬರೆಯುತ್ತೇನೆ. ಮಿಡಲ್‌ಸೆಕ್ಸ್ ವರ್ಷಗಳ ಸ್ಕೋರ್‌ಕಾರ್ಡ್ ಒಮ್ಮೆ ಪೂರ್ತಿ ನೋಡಿಕೊಳ್ಳಬೇಕು.